ಮನ್ಸಿಕ್ಕಿಯ ಗಂಟೆ

“ಹಾಗಲ್ಲ, ಹಾಗಲ್ಲ! ಎರಡು ತುದೀನೂ ಗಟ್ಟಿಯಾಗಿ ಒತ್ತಬೇಕು ಅಂತ ಹೇಳೇ ಅವರಿಗೆ!” ಅಜ್ಜಿ ಕೈ ಆಡಿಸಿದರು.

ಗಗನಾ ಪಕ್ಕದ ಮನೆಯ ಐನೋ ಅವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಐನೋ ಎಂಬತ್ತೆಂಟು ವರ್ಷದ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೆನ್ನೆಗೆಲ್ಲ ಅಕ್ಕಿಹಿಟ್ಟು ಮೆತ್ತಿತ್ತು. ಅವರು ಹಿಟ್ಟನ್ನು ಬಳೆಯಂತೆ ಬಗ್ಗಿಸಿ, ತುದಿ ಒತ್ತಿ, ಎಣ್ಣೆಗೆ ಬಿಟ್ಟರು. ಕೋಡುಬಳೆ ಬಾಯಿ ಬಿಟ್ಟು, ಉದ್ದಕ್ಕೆ ಮಲಗಿಬಿಟ್ಟಿತು.

“ಹಾವಾಯ್ತು!” ಎಂದು ಅಜ್ಜಿ ನಕ್ಕರು. ಅದನ್ನು ಯಾರೂ ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ. ಐನೋ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಜ್ಜಿ ಮೈಸೂರಿನಿಂದ ಆಸ್ಟ್ರೇಲಿಯಾದ ವೆರಿಬೀಗೆ ಬಂದು ಆರು ವಾರವಾಗಿತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಐನೋಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಬೇಲಿಯಾಚೆ ಈಚೆ ನಿಂತು ಕೈಸನ್ನೆಯಲ್ಲೇ ಇಬ್ಬರೂ ಗೆಳತಿಯರಾಗಿಬಿಟ್ಟಿದ್ದರು. “ಅಷ್ಟು ದೊಡ್ಡವರನ್ನ ಬರೀ ಹೆಸರು ಹಿಡಿದು ಕರೀತಾರಾ?” ಎಂದು ಅಜ್ಜಿ ಅವರನ್ನು ‘ಐನಮ್ಮ’ ಮಾಡಿದ್ದರು.

ಶನಿವಾರ ಬಂದರೆ ಗಗನಾಗೆ ಇಬ್ಬರ ನಡುವೆ ಕೂತು ಮಾತು ದಾಟಿಸುವ ಕೆಲಸ. ಹತ್ತು ವರ್ಷದ ಅವಳಿಗೆ ಅದು ದೊಡ್ಡ ಜಂಬ. ಆದರೆ ಕಷ್ಟದ ಮಾತು ಬಂದರೆ ಅದನ್ನು ಮೆಲ್ಲಗೆ ಹಾರಿಸಿಬಿಡುತ್ತಿದ್ದಳು. ಐದು ನಿಮಿಷದ ಕತೆ ಅವಳ ಬಾಯಲ್ಲಿ ಐದು ಪದ ಆಗುತ್ತಿತ್ತು. ಇದುವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

ಅಜ್ಜಿ ಫಿಲ್ಟರ್ ಕಾಫಿ ಕೊಟ್ಟರು. ಐನಮ್ಮ ಒಂದು ಗುಟುಕು ಹೀರಿ ಕಣ್ಣು ಮುಚ್ಚಿ ಸುಖಪಟ್ಟರು.

“ಇವರ ಊರಲ್ಲಿ ಹಸು ಕಟ್ಟಿದ್ರಾ ಕೇಳು,” ಎಂದರು ಅಜ್ಜಿ.

ಗಗನಾ ಕೇಳಿದಳು. ಐನಮ್ಮ ಲೋಟವನ್ನು ಮೇಜಿನ ಮೇಲಿಟ್ಟರು.

“ಒಂದು ಹಸು ಇತ್ತು,” ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. “ಫಿನ್ಲೆಂಡಿನ ಗಡಿಯಲ್ಲಿ ನಮ್ಮ ಹಳ್ಳಿ. ಹನ್ನೊಂದೇ ಮನೆ. ಆಗ ಯುದ್ಧದ ಕಾಲ. ಅಪ್ಪಂದಿರೆಲ್ಲ ದೂರ ಹೋಗಿದ್ದರು. ನನಗೆ ಏಳು ವರ್ಷ. ಒಂದು ಬೆಳಿಗ್ಗೆ ಹಸು ಕಾಣಲಿಲ್ಲ. ಅಮ್ಮ ಹುಲ್ಲು ಕೊಯ್ಯಲು ಹೊಳೆಯಾಚೆ ಹೋದಳು, ನಾನು ಹಸು ಹುಡುಕುತ್ತ ಕಾಡಿಗೆ ಹೋದೆ. ಹಸು ಸಿಕ್ಕಿತು. ಅಷ್ಟರಲ್ಲಿ ಊರಿನ ಕಡೆಯಿಂದ ಗುಂಡಿನ ಶಬ್ದ ಬಂತು.”

ಗಗನಾ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

“ಗಡಿ ದಾಟಿ ಬಂದೂಕಿನವರು ಬಂದಿದ್ದರು. ಊರಲ್ಲಿ ಒಬ್ಬ ಸೈನಿಕನೂ ಇರಲಿಲ್ಲ. ಹೆಂಗಸರು, ಮಕ್ಕಳು, ಮುದುಕರು, ಅಷ್ಟೇ. ಹಸುವಿನ ಕೊರಳಲ್ಲಿ ಗಂಟೆ ಇತ್ತು. ಅದು ಸದ್ದು ಮಾಡಿದರೆ ನನ್ನನ್ನು ಹಿಡಿಯುತ್ತಾರೆ ಅನ್ನಿಸಿ ಗಂಟೆಯೊಳಗೆ ಪಾಚಿ ತುಂಬಿದೆ. ಹಸುವಿನ ಪಕ್ಕದಲ್ಲೇ ನೆಲಕ್ಕೆ ಅಂಟಿಕೊಂಡು ಮಲಗಿದೆ. ಹೊಗೆ ಕಾಣುತ್ತಿತ್ತು. ಅಮ್ಮ ಉಳಿದಳು. ಪಕ್ಕದ ಮನೆಯ ಹೆಲ್ಮಿ ಉಳಿಯಲಿಲ್ಲ. ಅವಳು ನನ್ನ ಗೆಳತಿ.”

“ಏನಂತೆ? ಏನಂದ್ರು?” ಅಜ್ಜಿ ಆಸೆಯಿಂದ ಮುಂದಕ್ಕೆ ಬಾಗಿದರು.

ಗಗನಾ ಅಜ್ಜಿಯ ಮುಖ ನೋಡಿದಳು. ಇದನ್ನೆಲ್ಲ ಕನ್ನಡದಲ್ಲಿ ಹೇಗೆ ಹೇಳುವುದು? ಹೇಳಿದರೆ ಅಜ್ಜಿಗೆ ಬೇಜಾರಾಗುವುದಿಲ್ಲವೇ?

“ಅದೂ... ಅವರ ಹಸು ಕಾಡಲ್ಲಿ ಕಳೆದುಹೋಗಿತ್ತಂತೆ. ಆಮೇಲೆ ಸಿಕ್ತಂತೆ. ಅದರ ಬೆಲ್ ಒಳಗೆ ಏನೋ ತುಂಬಿದ್ರಂತೆ, ಸೌಂಡ್ ಬರದೇ ಇರಲಿ ಅಂತ.”

“ಅಯ್ಯೋ, ಭಲೇ ತುಂಟಿ!” ಅಜ್ಜಿ ಚಪ್ಪಾಳೆ ತಟ್ಟಿ ಗಟ್ಟಿಯಾಗಿ ನಕ್ಕರು. ಐನಮ್ಮನ ಭುಜವನ್ನೂ ತಟ್ಟಿದರು.

ಐನಮ್ಮ ನಗಲಿಲ್ಲ. ಅಜ್ಜಿಯನ್ನು ನೋಡಿದರು. ಗಗನಾಳನ್ನು ನೋಡಿದರು. ಆಮೇಲೆ ಮೇಜಿಗೆ ಕೈಯೂರಿ ಎದ್ದು, “ನಾನು ಬರ್ತೀನಿ, ಸುಸ್ತಾಗಿದೆ,” ಎಂದು ಬಾಗಿಲ ಕಡೆ ನಡೆದರು.

“ಯಾಕೆ? ನಾನೇನಾದ್ರೂ ತಪ್ಪು ಮಾಡಿದ್ನಾ?” ಅಜ್ಜಿಯ ಮುಖ ಸಣ್ಣದಾಯಿತು.

ಗಗನಾ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. “ಪ್ಲೀಸ್, ಹೋಗ್ಬೇಡಿ! ಅಜ್ಜಿದು ತಪ್ಪಿಲ್ಲ. ನಾನೇ ಸರಿಯಾಗಿ ಹೇಳಲಿಲ್ಲ. ಅರ್ಧ ಬಿಟ್ಬಿಟ್ಟೆ!”

ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಕನ್ನಡ ತಡವರಿಸುತ್ತ ಬಂತು.

“ಅಜ್ಜೀ, ಅವಾಗ ವಾರ್ ನಡೀತಿತ್ತಂತೆ. ಗನ್ ಇಟ್ಕೊಂಡು ಬಂದ್ರಂತೆ. ಊರಲ್ಲಿ ಅಮ್ಮಂದಿರು, ಮಕ್ಕಳು, ತಾತಂದಿರು ಮಾತ್ರ ಇದ್ರಂತೆ. ಮನೆಗಳಿಗೆ ಬೆಂಕಿ ಇಟ್ರಂತೆ. ಬೆಲ್ ಸೌಂಡ್ ಕೇಳಿಸಿದ್ರೆ ಹಿಡೀತಾರೆ ಅಂತ ಅದರೊಳಗೆ... ಕಲ್ಲಿನ ಮೇಲೆ ಗ್ರೀನಾಗಿ ಬೆಳೆಯುತ್ತಲ್ಲ...”

“ಪಾಚಿ,” ಎಂದರು ಅಜ್ಜಿ, ಮೆಲ್ಲಗೆ.

“ಹ್ಞಾ, ಪಾಚಿ. ಅವರ ಫ್ರೆಂಡ್ ಹೆಲ್ಮಿ ಅಂತ. ಅವಳು ಸತ್ತುಹೋದ್ಲಂತೆ, ಅಜ್ಜಿ.”

ಅಜ್ಜಿ ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು ಬಂದು ಐನಮ್ಮನ ಎರಡೂ ಕೈಗಳನ್ನು ಹಿಡಿದು, ಮತ್ತೆ ಕುರ್ಚಿಯ ಮೇಲೆ ಕೂರಿಸಿದರು. ತಾವೂ ಪಕ್ಕದಲ್ಲೇ ಕೂತರು. ಕೈ ಬಿಡಲಿಲ್ಲ.

ಆಮೇಲೆ ಕೇಳಿದರು: “ಹೆಲ್ಮಿ ಹೇಗಿದ್ಲು ಅಂತ ಕೇಳು ಪುಟ್ಟಿ. ಇಬ್ರೂ ಸೇರಿ ಏನು ಕಪಿಚೇಷ್ಟೆ ಮಾಡ್ತಿದ್ರಂತೆ?”

ಗಗನಾಗೆ ಭಯವಾಯಿತು. ಆದರೂ ಕೇಳಿದಳು, ಪೂರ್ತಿಯಾಗಿ.

ಐನಮ್ಮ ತಲೆಯೆತ್ತಿದರು. “ಹೆಲ್ಮಿ ಹೇಗೆ ಸತ್ತಳು ಅಂತ ಎಷ್ಟೋ ಜನ ಕೇಳಿದ್ದಾರೆ,” ಎಂದರು. “ಇದನ್ನು ಯಾರೂ ಕೇಳಿರಲಿಲ್ಲ.”

ನಿಧಾನವಾಗಿ ಅವರ ತುಟಿಯ ತುದಿ ಮೇಲೇರಿತು. ಹೆಲ್ಮಿಗೆ ಮುಂದಿನ ಹಲ್ಲೇ ಇರಲಿಲ್ಲವಂತೆ. ಆ ಸಂದಿಯಿಂದಲೇ ಹಕ್ಕಿಯಂತೆ ಸಿಳ್ಳೆ ಹೊಡೆಯುತ್ತಿದ್ದಳಂತೆ. ಒಂದು ಸಲ ಪಾದ್ರಿ ಬಂದಾಗ ಅವರ ಹೊಸ ಟೋಪಿಯನ್ನು ಹಸುವಿನ ತಲೆಗೆ ಹಾಕಿದಳಂತೆ. ಟೋಪಿ ಕೆಳಗೆ ಬಿತ್ತು. ಹಸು ಅದನ್ನು ತಿಂದುಬಿಟ್ಟಿತು!

ಗಗನಾ ಒಂದು ಮಾತೂ ಬಿಡದೆ ಹೇಳುತ್ತ ಹೋದಳು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಈ ಸಲ ಐನಮ್ಮನೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

“ಆ ಹಸು ಹೆಸರೇನಂತೆ?”

“ಮನ್ಸಿಕ್ಕಿ!”

“ಮನ ಸಿಕ್ಕಿ? ಇದು ನಮ್ಮ ಕನ್ನಡದ ಹೆಸರೇ ಬಿಡು!” ಎಂದರು ಅಜ್ಜಿ. “ನನಗೂ ಮಹಾಶ್ವೇತಾ ಅಂತ ಒಬ್ಬಳು ಗೆಳತಿ ಇದ್ಲು. ದಿನಾ ಸಂಜೆ ಕುಂಟೆಬಿಲ್ಲೆ ಆಡೋವಾಗ ಬರೀ ಮೋಸ ಮಾಡ್ತಿದ್ಲು.”

“ಒಂದ್ನಿಮಿಷ, ಅಜ್ಜಿ. ಕುಂಟೆಬಿಲ್ಲೆ ಅಂದ್ರೆ ಏನು? ಅದು ಗೊತ್ತಾಗದೆ ನಾನು ಹೇಳಲ್ಲ.”

ಅಜ್ಜಿ ಎದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಕಟ್ಟೆ ಹಿಡಿದುಕೊಂಡು, ಅಡುಗೆಮನೆಯ ಟೈಲ್ಸ್ ಮೇಲೆ ಒಂಟಿ ಕಾಲಲ್ಲಿ ಒಂದು, ಎರಡು, ಮೂರು ಮನೆ ಕುಪ್ಪಳಿಸಿದರು.

ಐನಮ್ಮ ತಟ್ಟನೆ ಎದ್ದು ನಿಂತರು. ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ಎದೆ ಮುಟ್ಟಿಕೊಂಡು, “ಹೆಲ್ಮಿ! ಹೆಲ್ಮಿ!” ಎನ್ನುತ್ತ ನೆಲದ ಟೈಲ್ಸ್ ತೋರಿಸಿದರು.

ಗಗನಾ ಹೇಳಲು ಬಾಯಿ ತೆರೆದಳು. ಅಜ್ಜಿ ಆಗಲೇ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ಗಗನಾ ಬಾಯಿ ಮುಚ್ಚಿಕೊಂಡಳು. ಸದ್ದಾಗದಂತೆ ಕುರ್ಚಿಗಳನ್ನು ಒಂದೊಂದಾಗಿ ಗೋಡೆಗೆ ಸರಿಸಿ, ಅವರಿಬ್ಬರಿಗೂ ಜಾಗ ಮಾಡಿಕೊಟ್ಟಳು.