ತಡವಾಗಿ ಬಂದವನ ಕಣ್ಣೀರು

"ಇದರಲ್ಲಿ ಯೇಸು ಎಲ್ಲಿದ್ದಾನೆ?"

ಅವಳು ಬೆಚ್ಚಿ ತಿರುಗಿದಳು. ಚಿತ್ರಕ್ಕೆ ಚೌಕಟ್ಟು ಕಟ್ಟಲು ಅವಳ ಮನೆಗೆ ಬಂದ ಬಡಗಿ ಅಳತೆ ಟೇಪು ಹಿಡಿದು ಕ್ಯಾನ್ವಾಸಿನ ಮುಂದೆ ನಿಂತಿದ್ದ. ಆಳೆತ್ತರದ ಬಟ್ಟೆಯ ತುಂಬ ಬೂದಿ ಬಣ್ಣ, ಅದರ ಮೇಲೆ ಚಾಕುವಿನಿಂದ ಕೆರೆದ ಗೀರುಗಳು. ಮುಖವಿಲ್ಲ, ಶಿಲುಬೆಯೂ ಇಲ್ಲ.

"ಇಲ್ಲ! ಇದು ಯೇಸುವಿನ ಗೆಳೆಯ ಲಾಜರನ ಸಮಾಧಿ. ಅವನಿಗೆ ಕಾಯಿಲೆ ಜೋರಾಗಿದೆ ಅಂತ ಅಕ್ಕಂದಿರು ಹೇಳಿ ಕಳಿಸಿದ್ರೂ ಯೇಸು ಬಂದದ್ದು ಅವನನ್ನ ಹೂತು ನಾಲ್ಕು ದಿನ ಆದ್ಮೇಲೆ."

"ಅಂದ್ರೆ... ದೇವರನ್ನ ಬೈತಿದ್ದೀರಾ?"

"ಬಣ್ಣದಲ್ಲಿ ಬೈತಿದ್ದೀನಿ. ತಪ್ಪಾ?"

"ತಪ್ಪಲ್ಲ," ಎಂದ. ಆ ದನಿ ಯಾಕೆ ಹಾಗೆ ಒಡೆಯಿತು?

ಸ್ಮಶಾನದ ಪಕ್ಕದ ಪ್ರಾರ್ಥನಾ ಕೋಣೆಗೆ ಒಂದು ಚಿತ್ರ ಬೇಕೆಂದು ಪಾದ್ರಿಗಳು ಕೇಳಿದ್ದರು. ಅವಳ ತಮ್ಮ ಮಲಗಿದ್ದುದೂ ಅದೇ ಸ್ಮಶಾನದಲ್ಲಿ. ಹೋದ ವರ್ಷ ಉಬ್ಬಸ ಕೆರಳಿ ಅವನು ಒದ್ದಾಡುವಾಗ ಅವಳು ಊರಲ್ಲಿರಲಿಲ್ಲ. ಹತ್ತು ನಿಮಿಷದ ದಾರಿಗೆ ಆಂಬುಲೆನ್ಸ್ ನಲವತ್ತು ನಿಮಿಷ ತೆಗೆದುಕೊಂಡಿತ್ತು.

ಬಡಗಿ ದಿನವೂ ಬಂದ. ಬಣ್ಣಕ್ಕೆ ಕಲ್ಲಿನ ಒರಟುತನ ಬರುತ್ತಿಲ್ಲವೆಂದು ಅವಳು ಗೊಣಗಿದಾಗ, ಗೋಂದಿಗೆ ಮರದ ಹೊಟ್ಟು ಕಲಸಿ ಕೊಟ್ಟ.

"ಬೈಯೋದು ನೀವು, ಹೊಟ್ಟು ನನ್ನದು. ನನ್ನನ್ನೂ ನರಕಕ್ಕೆ ಎಳ್ಕೊಂಡು ಹೋಗ್ತೀರಾ ನೋಡಿ!"

ಒಂದು ವರ್ಷದಲ್ಲಿ ಮೊದಲ ಸಲ ಅವಳು ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆದರೂ ಮರುದಿನ ಬಾಗಿಲ ಕಡೆಗೇ ಕಣ್ಣು...

ಮೂರನೇ ವಾರ, ಕುಂಚ ತೊಳೆಯುತ್ತ ಅವಳು ಹೇಳಿಬಿಟ್ಟಳು. "ನೀವು ಬಂದ್ರೆ ಸಮಾಧಾನ ಆಗುತ್ತೆ. ಆದ್ರೆ ಆ ಆಂಬುಲೆನ್ಸ್ ಡ್ರೈವರ್ ಎದುರು ಸಿಗೋ ತನಕ ನನಗೆ ನೆಮ್ಮದಿ ಇಲ್ಲ."

ಅವನು ಸುತ್ತಿಗೆ ಕೆಳಗಿಟ್ಟ.

"ಅದು ನಾನೇ. ಆ ಕೆಲಸ ಬಿಟ್ಟು ಮಾವನ ಹತ್ರ ಮರಗೆಲಸಕ್ಕೆ ಸೇರಿದೆ."

ಅವಳು ತೊಳೆಯುತ್ತಿದ್ದ ಕುಂಚವನ್ನು ನೆಲಕ್ಕೆ ಎಸೆದಳು.

"ಯಾಕೆ ತಡ ಮಾಡಿದ್ರಿ? ಹೇಳಿ!"

ಅವನು ತಲೆ ತಗ್ಗಿಸಿ ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದ.

"ಹೊರಗೆ ಹೋಗಿ! ನಿಮ್ಮ ಮುಖ ತೋರಿಸ್ಬೇಡಿ!"

ಅವನು ಹೋದ. ಹೊಸ್ತಿಲಲ್ಲಿ ಅಪ್ಪ ನಿಂತಿದ್ದರು. ಗೋಡೆ ಹಿಡಿದುಕೊಂಡೇ ಒಳಗೆ ಬಂದರು.

"ಅವನನ್ನ ಬೈಬೇಡ ಮಗಳೇ... ಗಾಬರೀಲಿ ನಾನೇ ಹಳೇ ಮನೆ ವಿಳಾಸ ಹೇಳ್ಬಿಟ್ಟೆ. ಅವನು ಅಲ್ಲಿಗೆ ಹೋಗಿ, ಬೀದಿ ಬೀದಿ ವಿಚಾರಿಸ್ಕೊಂಡು ಬಂದ. ನಿನಗೆ ಹೇಳೋಕೆ ನಾಲಿಗೆ ಏಳಲಿಲ್ಲ."

ಅವಳು ಅಪ್ಪನನ್ನು ಬೈಯಲಿಲ್ಲ. ತಬ್ಬಿಕೊಳ್ಳಲೂ ಆಗಲಿಲ್ಲ. ಆ ದಿನ ಇಬ್ಬರೂ ಊಟ ಮಾಡಲಿಲ್ಲ.

ಬೆಳಿಗ್ಗೆ ಅವಳು ಬೈಬಲ್ಲಿನಲ್ಲಿ ಲಾಜರನ ಕಥೆಯನ್ನು ಮತ್ತೆ ಓದಿದಳು. ಇಷ್ಟು ದಿನ 'ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ' ಎಂಬ ಅಕ್ಕನ ದೂರಿಗೇ ನಿಂತುಬಿಡುತ್ತಿದ್ದಳು. ಅದರಾಚೆ, ತಡವಾಗಿ ಬಂದವನು ಲಾಜರನನ್ನು ಬದುಕಿಸುವ ಪವಾಡಕ್ಕೆ ಮುಂಚೆ ಮಾಡಿದ ಕೆಲಸವೊಂದಿತ್ತು. ಅವನು ಅತ್ತಿದ್ದ.

ಒದ್ದೆ ಕುಂಚವನ್ನು ಕ್ಯಾನ್ವಾಸಿನ ಮೇಲ್ತುದಿಗೆ ಒತ್ತಿದಳು. ತೆಳು ನೀಲಿ ನೀರು ಬೂದಿಯ ಗೀರುಗಳಲ್ಲಿ ದಾರಿ ಹುಡುಕುತ್ತ ಕೆಳಗಿಳಿಯಿತು. ಬೆಳಕೇನೂ ಮೂಡಲಿಲ್ಲ, ಸಮಾಧಿಯೂ ತೆರೆಯಲಿಲ್ಲ. ಆದರೆ ಅಲ್ಲಿ ಈಗ ಯಾರೋ ಇದ್ದರು.

ಬಣ್ಣದ ಕೈಯಲ್ಲೇ ಅವನ ಮರದಂಗಡಿಗೆ ನಡೆದಳು.

"ಅಪ್ಪ ಎಲ್ಲಾ ಹೇಳಿದ್ರು. ನೀವ್ಯಾಕೆ ಹೇಳ್ಲಿಲ್ಲ?"

"ಮಗನ್ನ ಕಳ್ಕೊಂಡೋರು... ನನ್ನಿಂದ ಮಗಳನ್ನೂ ಕಳ್ಕೋಬೇಕಾ?"

"ನನ್ನ ತಮ್ಮ... ಕೊನೆಗೆ ಏನಾದ್ರೂ ಅಂದ್ನಾ?"

ಅವನು ಕೈಯಲ್ಲಿದ್ದ ಉಳಿಯನ್ನು ಬದಿಗಿಟ್ಟ.

"ಆಸ್ಪತ್ರೆ ದಾರೀಲಿ, ಸೈರನ್ ನಿಲ್ಲಿಸಿ ಅಂದ. ಅಪ್ಪ ಹೆದರ್ತಾರೆ ಅಂತ."

ಅವಳು ಹಲಗೆಗಳ ನಡುವೆ ಕುಸಿದು ಅತ್ತಳು. ಅವನೂ ಪಕ್ಕದಲ್ಲೇ ಕೂತ. ಅವನ ಕಣ್ಣಲ್ಲೂ ನೀರು.

"ಕ್ಷಮಿಸ್ತೀರಾ?" ಅವಳೇ ಕೇಳಿದಳು.

"ಮೊದಲು ಕಣ್ಣೊರೆಸ್ಕೊಳ್ಳಿ. ಮುಖವೆಲ್ಲ ನೀಲಿ."

"ನೀವೇ ಒರೆಸಿ."

ಅವನ ಕೈ ಅರ್ಧದಲ್ಲೇ ನಿಂತಿತು. "ನನ್ನ ನೋಡಿದಾಗೆಲ್ಲ ಆ ದಿನ ನೆನಪಾಗುತ್ತೆ ನಿಮಗೆ."

"ಆಗುತ್ತೆ," ಎಂದಳು. "ಒಬ್ಬಳೇ ಇದ್ರೂ ಆಗುತ್ತೆ. ಜೊತೆಗಿರಿ..."