ನೇರಳೆ ಬಟ್ಟೆಯೊಳಗಿನ ಮಾತೆ

ಪಾಸ್ಕ ಹಬ್ಬದ, ಅಂದರೆ ಈಸ್ಟರಿನ ಭಾನುವಾರ, 20-4-2025, ಬೆಳಿಗ್ಗೆ ಎಂಟಕ್ಕೆ ಫಾದರ್ ಅರುಳಪ್ಪ ಠಾಣೆಗೆ ಬಂದರು. ಹುಲಿಕೆರೆ ದಾರಿಯ ಸಣ್ಣ ಚರ್ಚಿನಿಂದ ಮಾತೆ ಮರಿಯಮ್ಮನವರ ಎರಡಡಿಯ ಮರದ ಪ್ರತಿಮೆ ಕಳುವಾಗಿತ್ತು. ಹಿಂದಿನ ರಾತ್ರಿ ಹಬ್ಬದ ಪೂಜೆಗೆಂದು ನೇರಳೆ ಬಟ್ಟೆ ಸರಿಸಿದರೆ ಒಳಗಿದ್ದದ್ದು ಒಂದು ದೀಪದ ಕಂಬ.

"ಕೊನೇ ಸಲ ಮಾತೆ ಇದ್ದದ್ದು ಯಾವಾಗ?" ಪಿಎಸ್‌ಐ ಮಂಜುಳಾ ಕೇಳಿದಳು.

"ಶುಕ್ರವಾರ ಊರಿಗೆ ಊರೇ ಮುಟ್ಟಿ ನಮಸ್ಕಾರ ಮಾಡಿದೆ ಮೇಡಂ."

ಹಾಗಾದರೆ ಶನಿವಾರದ ಕಳವು. ಭಾರತೀಯ ನ್ಯಾಯ ಸಂಹಿತೆ ಕಲಂ 305ರಡಿ ಎಫ್‌ಐಆರ್ ಆಯಿತು, ಸ್ಥಳ ಪಂಚನಾಮೆ ಆಯಿತು. ಬೀಗ ಮುರಿದಿರಲಿಲ್ಲ, ಕಿಟಕಿ ಕದಲಿರಲಿಲ್ಲ. ಬೇಲೂರಿನ ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿದ್ದಾಯಿತು. ಅರಸೀಕೆರೆಯಿಂದ ಇಬ್ಬರು ಹಳೇ ಕಳ್ಳರನ್ನು ಕರೆಸಿದರೆ, ಒಬ್ಬ ಶನಿವಾರವಿಡೀ ಗಂಡಸಿಯ ಮದುವೆಮನೆಯಲ್ಲಿ ಸಾರು ಬಡಿಸಿದ್ದ. ಇನ್ನೊಬ್ಬನ ಮುರಿದ ಕಾಲಿಗೆ ಪಟ್ಟಿ ಬಿದ್ದು ವಾರವಾಗಿತ್ತು. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಹಾಲಿನ ಗಾಡಿ ಹೋಯಿತು, ಎಮ್ಮೆ ಬಂತು.

"ಎಮ್ಮೇನೂ ಕರೆಸಿ ವಿಚಾರಿಸೋಣ್ವಾ ಮೇಡಂ?" ಅಂದ ಕಾನ್‌ಸ್ಟೇಬಲ್ ಕುಮಾರ.

"ಬಾಯ್ಮುಚ್ಕೊಂಡು ನೋಡ್ರೀ."

ಅಷ್ಟರಲ್ಲಿ ವಾಟ್ಸಾಪಿನಲ್ಲಿ ಕಳ್ಳರೆಂದು ಪಕ್ಕದೂರಿನ ಹುಡುಗರ ಹೆಸರು ಓಡಾಡತೊಡಗಿತ್ತು. ಡಿವೈಎಸ್‌ಪಿ ಸಾಹೇಬರು ಗಂಟೆಗೊಂದು ಸಲ ಫೋನ್ ಮಾಡಿ, "ಏನಮ್ಮಾ, ಊರು ಹೊತ್ಕೊಂಡು ಉರಿಯೋವರೆಗೂ ಕಾಯ್ತೀಯಾ?" ಅನ್ನುತ್ತಿದ್ದರು.

ಮಂಗಳವಾರ ಮಂಜುಳಾ ರೇಗಿಕೊಂಡೇ ಮತ್ತೆ ಚರ್ಚಿಗೆ ಬಂದಳು. ಕಸ ಗುಡಿಸುತ್ತಿದ್ದ ಚಿನ್ನಮ್ಮಜ್ಜಿಯನ್ನು ನಿಲ್ಲಿಸಿದಳು.

"ಶುಕ್ರವಾರ ಮಾತೆ ಮುಖ ನೋಡಿದ್ರಾ ಅಜ್ಜಿ?"

"ಮುಖ ಹೆಂಗವ್ವಾ ನೋಡಾನ? ತಪಸ್ಸು ಕಾಲ ಅಲ್ವಾ, ಮುಸುಕು ಹಾಕಿರ್ತಾರೆ. ಬಟ್ಟೆ ಮುಟ್ಟಿ ಕಣ್ಣಿಗೊತ್ಕಂಡೆ."

"ಬಟ್ಟೆ ಹೊದಿಸಿದ್ದು ಯಾವಾಗ?"

"ಎಲ್ಡು ವಾರ ಆಯ್ತು. ಪಾಸ್ಕದ ಗಂಟ ಎತ್ತಂಗಿಲ್ಲ."

ಮಂಜುಳಾ ಬೆಂಚಿನ ಮೇಲೆ ಕೂತಳು. ಭಕ್ತಿಯಿಂದ ಊರೆಲ್ಲ ಮುಟ್ಟಿದ್ದು ಬಟ್ಟೆಯನ್ನು. ತಾನು ಜರಡಿ ಹಿಡಿದದ್ದು ಬರೀ ಶನಿವಾರವನ್ನು.

"ಹೊದಿಸಿದ್ದು ಯಾರು?"

"ಇನ್ಯಾರು, ನಮ್ಮ ಉಪದೇಶಿ ಇನ್ನಾಸಪ್ಪ."

ಮಕ್ಕಳಿಗೆ ಜಪ ಕಲಿಸುವ, ಚರ್ಚಿನ ಬೀಗದ ಕೈ ಇಟ್ಟುಕೊಂಡ ಮುದುಕ. ಈ ಮೂರು ದಿನವೂ ಪೊಲೀಸರಿಗೆ ಟೀ ಕಾಸಿ ಕೊಟ್ಟವನು. ಮಂಜುಳಾ ಅವನನ್ನು ಕರೆಸಿದಳು.

"ಶನಿವಾರ ಯಾರಾದ್ರೂ ಒಳಗೆ ಬಂದ್ರಾ ಅಂದ್ರೆ ಇಲ್ಲ ಅಂದ್ರಿ."

"ಯಾರೂ ಬರ್ನಿಲ್ಲವಲ್ಲ ತಾಯಿ."

"ಬಟ್ಟೆ ಹೊದಿಸುವಾಗ ಒಳಗೆ ಏನಿತ್ತು?"

ಇನ್ನಾಸಪ್ಪ ಟವೆಲಿನಲ್ಲಿ ಕೈ ಒರೆಸಿಕೊಂಡ. "ದೀಪದ ಕಂಬ."

"ಅದನ್ನ ಭಾನುವಾರವೇ ಹೇಳೋಕೆ ಏನಾಗಿತ್ರೀ ನಿಮಗೆ?"

"ನೀವು ಶನಿವಾರದ ಮಾತೇ ಕೇಳ್ತಿದ್ರಿ. ಸುಳ್ಳಾಡಬಾರ್ದು ಅಂತ ಕೇಳಿದ್ದಕ್ಕಷ್ಟೇ ಹೇಳ್ದೆ."

ಕುಮಾರ ಕೆಮ್ಮಿ ಆಚೆ ತಿರುಗಿದ.

"ಮಾತೆ ಎಲ್ಲಿ?"

"ಕಣಕಟ್ಟೇಲವ್ರೆ. ನನ್ನ ತಂಗಿ ಹತ್ರ."

ಗುರುತಿಸಲೆಂದು ಫಾದರನ್ನೂ ಜೀಪಿಗೆ ಹತ್ತಿಸಿಕೊಂಡರು. ಇನ್ನಾಸಪ್ಪನ ತಂಗಿ ಲೂರ್ದಮ್ಮ ನಲವತ್ತು ವರ್ಷದ ಹಿಂದೆ ದೇವೀರಪ್ಪನನ್ನು ಮೆಚ್ಚಿ, ಚರ್ಚು ಬಿಟ್ಟು ಮದುವೆಯಾದವಳು; ಗಂಡನ ಮನೆಯಲ್ಲಿ ಅವಳ ಹೆಸರು ಕಮಲಾಕ್ಷಮ್ಮ. ಈಗ ಹಾಸಿಗೆಯಲ್ಲಿ ಒಂದು ಹಿಡಿಯಷ್ಟೇ ಉಳಿದಿದ್ದಳು. ದಿಂಬಿನ ಪಕ್ಕ ಮಾತೆ. ಪಾದದ ಮೇಲೆ ಅವಳ ಕೈ.

"ಡಾಕ್ಟ್ರು ಇನ್ನೊಂದು ವಾರ ಅಷ್ಟೇ ಅಂದಿದ್ರು," ಅಂದ ಇನ್ನಾಸಪ್ಪ. "ಹಬ್ಬದೊಳಗೆ ತಂದಿಡಬೋದು ಅಂದ್ಕಂಡೆ. ಇವಳು ಉಳ್ಕಂಡ್ಳು. ಕೈಯಿಂದ ಕಿತ್ಕಳಕ್ಕೆ ಆಗ್ನಿಲ್ಲ."

"ಒಂದು ಮಾತು ಅಂದಿದ್ದರೆ ನಾನೇ ಬರ್ತಿದ್ದೆನಲ್ಲ ಇನ್ನಾಸಪ್ಪ!" ಫಾದರ್ ದನಿ ಏರಿತು.

"ಮದುವೆಯಾದ ವರ್ಷ ಆಗಿನ ಸ್ವಾಮಿಗಳು ಪ್ರಸಾದದ ಸಾಲಿಂದ ಇವಳನ್ನ ಹಿಂದಕ್ಕೆ ಕಳಿಸಿದ್ರು ಫಾದರ್. ಇನ್ನೊಂದ್ಸಲ ಇವಳು ಚರ್ಚಿಂದ 'ಇಲ್ಲ' ಅನ್ನಿಸ್ಕಳದು ಬ್ಯಾಡ ಅಂತ."

ಫಾದರ್ ಮಂಜುಳಾಳ ಕಡೆ ತಿರುಗಿ, "ದೂರು ವಾಪಸ್ ತಗೋತೀನಿ," ಅಂದರು.

"ನನ್ನ ಕೈಲಿಲ್ಲ ಫಾದರ್. ಕೋರ್ಟಲ್ಲಿ ಕೇಳ್ಕೋಬೇಕು. ಮಾತೇನೂ ಅಲ್ಲಿಗೇ ಹೋಗ್ಬೇಕು."

"ಎರಡು ದಿನ ಬಿಡಿ ಮೇಡಂ," ಅಂದ ದೇವೀರಪ್ಪ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಮಂಜುಳಾಗೆ ತಿಳಿಯಲಿಲ್ಲ.

ಫಾದರ್ ರೋಗಿಗಳಿಗೆಂದು ಸದಾ ಜೊತೆಗಿಟ್ಟುಕೊಳ್ಳುವ ಸಣ್ಣ ಡಬ್ಬಿಗಳನ್ನು ತೆರೆದು, ಲೂರ್ದಮ್ಮನ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, ಅವಳ ನಾಲಿಗೆಯ ಮೇಲೆ ಪ್ರಸಾದದ ಚೂರು ಇಟ್ಟರು. ಅದು ಕರಗುವವರೆಗೆ, ಜಪ್ತಿಗೆ ಸಾಕ್ಷಿಯಾಗಿ ಕರೆಸಿದ್ದ ಪಂಚರು ಹೊರಗೆ ಕಾದರು. ಬಳಿಕ ಕುಮಾರ ಪ್ರತಿಮೆಯನ್ನು ಎತ್ತಿ ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಒತ್ತಿದ. ಲೂರ್ದಮ್ಮನ ಕೈ ಹಾಸಿಗೆಯ ಮೇಲೆ ಹುಡುಕಾಡಿತು. ಇನ್ನಾಸಪ್ಪ ತನ್ನ ಕೈ ಕೊಟ್ಟ. ಅವಳು ಹಿಡಿದುಕೊಂಡಳು.

ಮಂಜುಳಾ ಇನ್ನಾಸಪ್ಪನ ಬಂಧನದ ಮೆಮೊ ಬರೆದಳು. ಕಾರಣದ ಕಡೆ ಕಲಂ ಬರೆದಳು. ಅದಕ್ಕಿಂತ ಹೆಚ್ಚಿಗೆ ಬರೆಯಲು ಅಲ್ಲಿ ಜಾಗವಿರಲಿಲ್ಲ. ವೇಳೆ ಬರೆಯುವ ಜಾಗ ಬಂದಾಗ ಅದನ್ನು ಖಾಲಿ ಬಿಟ್ಟು ಪೆನ್ನು ಮುಚ್ಚಿ, ಅಣ್ಣತಂಗಿಯರನ್ನು ಬಿಟ್ಟು ಹೊರಗೆ ಬಂದು ಜೀಪಿನ ಪಕ್ಕ ನಿಂತಳು.