ಇಬ್ಬರ ಅಂಗಡಿಯ ಬೋರ್ಡು

"ಒಬ್ಬರಾ, ಇಬ್ಬರಾ?" ಏಣಿಯ ಮೇಲಿಂದ ಬೋರ್ಡ್ ಬರೆಯುವವನು ಕೇಳಿದ.

"ಕಣ್ಣು ಕಾಣಲ್ವಾ? ಇಬ್ಬರು," ಎಂದಳು ತಂಗಿ. ಹೊಲಿಗೆ ಅಂಗಡಿ ಅಕ್ಕತಂಗಿಯರದು. ಇಂಗ್ಲಿಷ್‌ನಲ್ಲಿ 'ಸಿಸ್ಟರ್ಸ್ ಶಾಪ್' ಎಂದು ಬರೆಸುತ್ತಿದ್ದರು.

"ಅಪಾಸ್ಟ್ರಫಿಗೆ ಗೊತ್ತಾಗ್ಬೇಕಲ್ಲ! ಕೊನೇ ಎಸ್‌ಗಿಂತ ಮುಂಚೆ ಇಟ್ರೆ ಒಬ್ಬಳ ಅಂಗಡಿ. ಆಮೇಲೆ ಇಟ್ರೆ ಇಬ್ಬರದ್ದೂ."

"ಅಷ್ಟು ಚಿಕ್ಕ ಕೊಕ್ಕೆಗೆ ಎಷ್ಟು ಜಂಬ!"

ಅವನು ನಕ್ಕ. ಕೆನ್ನೆಗಂಟಿದ ನೀಲಿ ಬಣ್ಣವೂ ನಕ್ಕಂತಾಯಿತು. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಬೋರ್ಡ್ ಮುಗಿದರೂ ಅವನು ಬರುವುದು ನಿಲ್ಲಲಿಲ್ಲ. ಗಾಜಿನ ಬಾಗಿಲ ಮೇಲೆ 'ಡೋಂಟ್ ಪುಶ್' ಎಂದು ಅವಳೇ ಬರೆಯಹೊರಟಾಗ ಕೈ ಹಿಡಿದು ತಡೆದ.

"ಕೊಕ್ಕೆ ಡಿ, ಓ ಆದ ತಕ್ಷಣ ಅಲ್ಲ, ಎನ್ ಆದ್ಮೇಲೆ. 'ನಾಟ್'ನಲ್ಲಿದ್ದ ಓ ಬಿಟ್ಟುಹೋಯ್ತಲ್ಲ, ಅದರ ಜಾಗದಲ್ಲಿ ಇಡ್ಬೇಕು."

"ಕೈ ಬಿಡಿ, ಅಕ್ಕ ನೋಡ್ತಾಳೆ."

"ಬಿಟ್ರೆ ತಪ್ಪು ಬರೀತೀಯ."

ಅವನು ಬಿಡಲಿಲ್ಲ, ಅವಳು ಎಳೆದುಕೊಳ್ಳಲೂ ಇಲ್ಲ.

ಕೆಲವು ತಿಂಗಳಲ್ಲಿ ಅವನಿಗೆ ದೂರದ ಬಂದರಿನಲ್ಲಿ ಹಡಗುಗಳಿಗೆ ಹೆಸರು ಬರೆಯುವ ಕೆಲಸ ಸಿಕ್ಕಿತು. "ಮದುವೆಯಾಗಿ ಜೊತೆಗೆ ಬಾ," ಎಂದ.

ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳನ್ನು ಸಾಕಿದವಳು ಅಕ್ಕ. ಹೇಳಿದರೆ ಖುಷಿಯಿಂದಲೇ ಕಳಿಸಿಕೊಟ್ಟು, ತಾನು ಒಂಟಿಯಾಗಿ ಉಳಿಯುತ್ತಾಳೆ. ತಂಗಿ ಅಕ್ಕನಿಗೆ ಹೇಳಲೇ ಇಲ್ಲ.

"ಆಗಲ್ಲ," ಎಂದಳು ಅವನಿಗೆ.

"ನನ್ನ ಮೇಲೆ ಮನಸ್ಸಿಲ್ವಾ?"

"ಇಲ್ಲ." ಹಾಗೆಂದರಷ್ಟೇ ಅವನು ಹೋಗುತ್ತಾನೆಂದು ಗೊತ್ತಿತ್ತು. ಹೋದ.

ಮರುವರ್ಷ ಅಕ್ಕ ನಾಚುತ್ತಾ ಸುದ್ದಿ ಹೇಳಿದಳು. ಬಟ್ಟೆ ತಂದುಕೊಡುತ್ತಿದ್ದ ವ್ಯಾಪಾರಿಯನ್ನು ಮದುವೆಯಾಗಿ ಅವನ ಊರಿಗೆ ಹೋಗುತ್ತಾಳಂತೆ.

"ಪಾಪ, ಅವರನ್ನ ಎಷ್ಟು ಕಾಯಿಸಿದೆ! ನೀನೂ ಆ ಬೋರ್ಡಿನವನೂ ಒಂದಾಗ್ಲಿ, ಆಮೇಲೆ ನಾನು ಅಂತಿದ್ದೆ. ನೀನು ಅವನನ್ನ ಬೇಡ ಅಂದ್ಬಿಟ್ಟೆ, ಹೋಗೋವಾಗ ಅವನೇ ಹೇಳ್ದ. ಇನ್ನು ಅವರನ್ನ ಕಾಯಿಸೋದು ಹೇಗೆ ಹೇಳು?"

ತಂಗಿ ಹಿಂಬದಿಯ ಕೋಣೆಗೆ ಹೋಗಿ ಬಂದರಿಗೆ ಫೋನ್ ಮಾಡಿದಳು.

"ಹೇಳು," ಎಂದ. ಅದೇ ದನಿ. ಹಿಂದಿನಿಂದ ಹೆಣ್ಣೊಬ್ಬಳು, "ಯಾರ್ರೀ ಅದು?" ಎಂದು ಕೇಳಿದಳು.

"ಏನಿಲ್ಲ. ಅಕ್ಕನಿಗೆ ಮದುವೆ. ತಿಳಿಸೋಣ ಅಂತ."

"ಒಳ್ಳೇದಾಯ್ತು," ಎಂದ. "ಮತ್ತೆ ನೀನು?"

"ನನಗೇನು, ಕೈತುಂಬಾ ಕೆಲಸ," ಎಂದು ಫೋನ್ ಇಟ್ಟಳು.

ಮುಖ ತೊಳೆದು ಹೊರಗೆ ಬಂದಳು. ಅಕ್ಕ ಮದುವೆ ಉಡುಪಿನ ರೇಷ್ಮೆಯನ್ನು ಹೆಗಲಿಗೆ ಹಿಡಿದು ಕನ್ನಡಿ ಮುಂದೆ ನಿಂತಿದ್ದಳು.

"ಕೈ ಎತ್ತಕ್ಕ," ಎಂದಳು ತಂಗಿ, "ಅಳತೆ ತಗೋತೀನಿ."